ಸ್ಕ್ಯಾನ್ ಮಾಡೋದು ಸುಲಭದ ಕೆಲಸ

ಒಂದು ಗ್ರೂಪ್ ಫೋಟೋದಿಂದ ಶುರು ಮಾಡುತ್ತೇನೆ. ಕಪ್ಪು ಬಿಳುಪು, ಅಂಗೈಗಿಂತ ಸ್ವಲ್ಪ ದೊಡ್ಡದು, ಒಂದು ಮೂಲೆ ಮುರಿದಿದೆ. ಹದಿನಾಲ್ಕು ಜನ ಎರಡು ಸಾಲಿನಲ್ಲಿ ನಿಂತಿದ್ದಾರೆ. ಹಿಂದುಗಡೆ ಪೆನ್ಸಿಲ್ಲಿನಲ್ಲಿ "ಎಡದಿಂದ ಮೂರನೆಯವರು ನಮ್ಮ ಮೇಷ್ಟ್ರು" ಅಂತ ಬರೆದಿದೆ. ಅಷ್ಟೇ. ಯಾರ ಮೇಷ್ಟ್ರು, ಯಾವ ಊರು, ಯಾವ ವರ್ಷ, ಮುಂದಿನ ಸಾಲೋ ಹಿಂದಿನ ಸಾಲೋ, ಒಂದೂ ಇಲ್ಲ. ಇದನ್ನು ಸ್ಕ್ಯಾನ್ ಮಾಡುವುದಕ್ಕೆ ನನಗೆ ಒಂದು ನಿಮಿಷ ಹಿಡಿಯಿತು. ಇದು ಏನು ಅಂತ ಎರಡು ಸಾಲು ಬರೆಯುವುದಕ್ಕೆ ಹೆಚ್ಚು ಕಮ್ಮಿ ಎರಡು ವರ್ಷ.

ನಾನು ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಡಿಜಿಟೈಸೇಶನ್, ಅಂದರೆ ಹಳೆಯ ಕಾಗದ, ಟೇಪುಗಳನ್ನು ಕಂಪ್ಯೂಟರಿನ ಫೈಲಾಗಿ ಮಾಡಿಡುವ ಕೆಲಸ ಮಾಡಿದವನು. ಎಲ್ಲಿ ಅಂತ ಹೇಳುವುದಿಲ್ಲ, ಹೇಳಿದರೂ ವ್ಯತ್ಯಾಸ ಇಲ್ಲ. ಯಾಕೆಂದರೆ ಈ ಕೆಲಸ ಮಾಡುವ ಬೇರೆ ಬೇರೆ ದೇಶದವರ ಜೊತೆ ಮಾತಾಡಿದಾಗಲೆಲ್ಲ ಅದೇ ಕತೆ ಕೇಳಿದ್ದೇನೆ. ಅದೇ ಕಬ್ಬಿಣದ ಬೀರು, ಅದೇ ಕಳೆದುಹೋದ ರಿಜಿಸ್ಟರು, ರಿಟೈರ್ ಆಗಿ ಹೋದ ಅದೇ ಒಬ್ಬ ಹಿರಿಯ ಸಿಬ್ಬಂದಿ. "ಅದು ಅವರಿಗೆ ಗೊತ್ತಿತ್ತು" ಅನ್ನುವ ಮಾತು ಎಲ್ಲ ಲೈಬ್ರರಿಯಲ್ಲೂ ಇದೆ.

ಲೋಕಲ್ ಕಲೆಕ್ಷನ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಸುತ್ತಲಿನ ಪ್ರದೇಶಕ್ಕೆ ಸಂಬಂಧಪಟ್ಟ ಕಾಗದ ಪತ್ರ ಅಂತ ಇಟ್ಟುಕೊಳ್ಳಿ. ಸ್ಮರಣ ಸಂಚಿಕೆಗಳು, ಕರಪತ್ರಗಳು, ನಾಲ್ಕು ಪುಟದ ವಾರಪತ್ರಿಕೆಗಳು, ಕೈಯಲ್ಲಿ ಬರೆದ ನಕ್ಷೆಗಳು, ಸಂಘ ಸಂಸ್ಥೆಗಳ ಲೆಕ್ಕದ ಪುಸ್ತಕ, ವಿದ್ಯಾರ್ಥಿಗಳು ಊರೂರು ತಿರುಗಿ ಮಾಡಿದ ಸರ್ವೆಗಳು, ಟೈಪ್ ಮಾಡಿದ ಪ್ರಬಂಧಗಳು, ಹಾಡು ಮತ್ತು ಮಾತು ತುಂಬಿದ ಕ್ಯಾಸೆಟ್ಟುಗಳು. ಯಾವುದಕ್ಕೂ ಐಎಸ್‌ಬಿಎನ್, ಅಂದರೆ ಅಚ್ಚಾದ ಪುಸ್ತಕಗಳಿಗೆ ಕೊಡುವ ಗುರುತಿನ ಸಂಖ್ಯೆ, ಇರುವುದಿಲ್ಲ. ಎಷ್ಟೋ ಸಲ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ಯಾರೋ ಪ್ರೊಫೆಸರ್ ತೀರಿಹೋದಾಗ ಮನೆಯವರು ಹನ್ನೆರಡು ಪೆಟ್ಟಿಗೆ ತಂದು ಕೊಟ್ಟಿರುತ್ತಾರೆ, ಅದರಲ್ಲಿ ಎಂಟನ್ನು ಯಾರೂ ಬಿಚ್ಚಿರುವುದಿಲ್ಲ.

ನನಗೆ ಬಂದ ಮೊದಲ ಸಿಟ್ಟು ಇಲ್ಲಿಂದಲೇ. ಸ್ಕ್ಯಾನರ್ ಬಂತು ಅಂದ ಕೂಡಲೇ ಲೈಬ್ರರಿಗಳು ಏನು ಮಾಡುತ್ತವೆ? ಚೆಂದದ ಚರ್ಮದ ಬೈಂಡಿಂಗ್ ಇರುವ ಹಳೆಯ ಪುಸ್ತಕಗಳನ್ನು ಮೊದಲು ತೆಗೆದುಕೊಳ್ಳುತ್ತವೆ. ಉದ್ಘಾಟನೆಯ ದಿನ ತೋರಿಸುವುದಕ್ಕೆ ಚೆನ್ನಾಗಿರುತ್ತದೆ ಅಲ್ವಾ! ಆದರೆ ಆ ಪುಸ್ತಕದ ಇನ್ನೊಂದು ಪ್ರತಿ ಇನ್ನೆಲ್ಲೋ ಇದ್ದೇ ಇದೆ, ಬಹುಪಾಲು ಆಗಲೇ ಸ್ಕ್ಯಾನ್ ಕೂಡ ಆಗಿದೆ. 2004ರಲ್ಲಿ ಗೂಗಲ್ ದೊಡ್ಡ ದೊಡ್ಡ ಲೈಬ್ರರಿಗಳ ಜೊತೆ ಸೇರಿ ಪುಸ್ತಕ ಸ್ಕ್ಯಾನ್ ಮಾಡುತ್ತೇವೆ ಅಂತ ಹೊರಟಿತು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಮಿಷಿಗನ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳು ಅದರಲ್ಲಿದ್ದವು. 2008ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಅಂಥ ಪುಸ್ತಕಗಳನ್ನೆಲ್ಲ ಒಟ್ಟಿಗೆ ಇಡುವುದಕ್ಕೆ ಹಾಥಿಟ್ರಸ್ಟ್ ಅಂತ ಮಾಡಿಕೊಂಡವು. ಹಾಥಿ ಅಂದರೆ ನಮ್ಮ ಆನೆಯೇ. ಏನನ್ನೂ ಮರೆಯದ ಪ್ರಾಣಿ ಅಂತ ಆ ಹೆಸರು ಇಟ್ಟರಂತೆ. ಅಚ್ಚಾದ ಪುಸ್ತಕವನ್ನು ಆ ಆನೆ ನೆನಪಿಟ್ಟುಕೊಳ್ಳುತ್ತದೆ. ಐವತ್ತು ವರ್ಷದ ಹಿಂದೆ ಇನ್ನೂರು ಪ್ರತಿ ಅಚ್ಚು ಹಾಕಿ ನೂರತೊಂಬತ್ತೊಂಬತ್ತು ರದ್ದಿಗೆ ಹೋದ ಸ್ಮರಣ ಸಂಚಿಕೆಯನ್ನು ಯಾವ ಆನೆಯೂ ನೆನಪಿಟ್ಟುಕೊಳ್ಳುವುದಿಲ್ಲ. ಅದು ನಿಮ್ಮ ಬೀರುವಿನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಹಾಗಾಗಿ ನಮ್ಮಲ್ಲಿ ಕೊನೆಗೂ ಒಂದು ನಿಯಮ ಮಾಡಿಕೊಂಡೆವು. ಬೇರೆ ಯಾರ ಹತ್ತಿರವೂ ಇರುವ ಸಾಧ್ಯತೆ ಕಮ್ಮಿ ಇದ್ದದ್ದು ಮೊದಲು. ಅದರಲ್ಲೂ ಬೇಗ ಹಾಳಾಗುವುದು ಇನ್ನೂ ಮೊದಲು. ಎಷ್ಟು ಜನ ಕೇಳುತ್ತಾರೆ ಅನ್ನುವುದು ಮೂರನೆಯದು. ಮೂರನೆಯದನ್ನು ಮೊದಲನೆಯದು ಮಾಡಿ ಅಂತ ಮೇಲಿನವರು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದರು. ನಾವು ತಲೆ ಆಡಿಸಿ ಬರುತ್ತಿದ್ದೆವು.

2021ರ ಏಪ್ರಿಲ್ 18ರಂದು ಕೇಪ್‌ಟೌನ್ ವಿಶ್ವವಿದ್ಯಾಲಯದ ಜ್ಯಾಗರ್ ಲೈಬ್ರರಿಗೆ ಬೆಂಕಿ ಬಿತ್ತು. ಬೆಟ್ಟದಲ್ಲಿ ಹೊತ್ತಿದ ಕಾಡ್ಗಿಚ್ಚು ಇಳಿದು ಬಂದು ಕಟ್ಟಡಕ್ಕೆ ಹತ್ತಿಕೊಂಡಿತು. ಅಲ್ಲಿದ್ದದ್ದು ಆಫ್ರಿಕನ್ ಸ್ಟಡೀಸ್ ಸಂಗ್ರಹ. ಅಚ್ಚಾದ ಪುಸ್ತಕ, ಕಿರುಹೊತ್ತಿಗೆಗಳಲ್ಲಿ ಬಹುಪಾಲು ಸುಟ್ಟುಹೋದವು. ಬೆಂಕಿ ತಡೆಯುವ ಷಟರ್‌ಗಳು ಇಳಿದದ್ದರಿಂದ ನೆಲಮಾಳಿಗೆಯಲ್ಲಿದ್ದ ಎಷ್ಟೋ ದಾಖಲೆಗಳು ಉಳಿದವು. ಆದರೆ ಬೆಂಕಿ ಆರಿಸುವುದಕ್ಕೆ ಹಾಕಿದ ನೀರಿನಲ್ಲಿ ಅವೂ ನೆನೆದವು. ಆಮೇಲೆ ನೂರಾರು ಸ್ವಯಂಸೇವಕರು ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಒದ್ದೆ ಕಾಗದ ಹೊತ್ತು ಹೊರಗೆ ತಂದರು. ಆ ಚಿತ್ರ ನೋಡಿದ ವಾರ ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮ ಬೀರುಗಳ ಮುಂದೆ ನಿಂತು ಲೆಕ್ಕ ಹಾಕಿದ್ದು ನನಗೆ ನೆನಪಿದೆ. ಇದು ಹೋದರೆ? ಅದು ಹೋದರೆ?

ಬೆಂಕಿಯೇ ಬೇಕಾಗಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಕಾಗದಕ್ಕೆ ಮರದ ತಿರುಳು ಬಳಸುವುದು ಜಾಸ್ತಿ ಆಯಿತು. ಶಾಯಿ ಹರಡಬಾರದು ಅಂತ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಅದರಿಂದ ಕಾಗದದಲ್ಲೇ ಆಮ್ಲ ಹುಟ್ಟುತ್ತದೆ, ಒಳಗಿಂದಲೇ ತಿನ್ನುತ್ತದೆ. ಇನ್ನೂರು ಮುನ್ನೂರು ವರ್ಷದ ಹಿಂದೆ ಚಿಂದಿ ಬಟ್ಟೆಯಿಂದ ಮಾಡಿದ ಕಾಗದ ಇವತ್ತೂ ಗಟ್ಟಿಯಾಗಿರುತ್ತದೆ, ಅರವತ್ತು ವರ್ಷದ ಪತ್ರಿಕೆ ಮುಟ್ಟಿದರೆ ಹಪ್ಪಳದ ಥರ ಮುರಿಯುತ್ತದೆ. ಹಳೆಯದು ಅಂದರೆ ಮೊದಲು ಹಾಳಾಗುತ್ತದೆ ಅಂತ ಅಂದುಕೊಳ್ಳುವುದು ತಪ್ಪು.

ಕಾಗದಕ್ಕಿಂತ ಅವಸರ ಟೇಪಿಗೆ. ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಒಂದು ಎಚ್ಚರಿಕೆ ಕೊಟ್ಟಿತ್ತು. ಮ್ಯಾಗ್ನೆಟಿಕ್ ಟೇಪಿನಲ್ಲಿ ಇರುವುದನ್ನು 2025ರ ಒಳಗೆ ಡಿಜಿಟಲ್ ಮಾಡದಿದ್ದರೆ ಬಹುಪಾಲು ಕೈತಪ್ಪಿ ಹೋಗುತ್ತದೆ ಅಂತ. ಟೇಪು ಹಾಳಾಗುವುದು ಒಂದು ಕಾರಣ. ಇನ್ನೊಂದು, ಅದನ್ನು ಓಡಿಸುವ ಯಂತ್ರಗಳೇ ಇಲ್ಲ, ರಿಪೇರಿ ಮಾಡುವವರೂ ಇಲ್ಲ, ಬಿಡಿಭಾಗವಂತೂ ಸಿಗುವುದೇ ಇಲ್ಲ. ಆ ಗಡುವು ಮುಗಿದೇ ಹೋಯಿತು. ನಮ್ಮಲ್ಲಿ ಮುನ್ನೂರು ಚಿಲ್ಲರೆ ಕ್ಯಾಸೆಟ್ಟುಗಳಿದ್ದವು. ವಿದ್ಯಾರ್ಥಿಗಳು ಮುದುಕರ ಹತ್ತಿರ ಕೂತು ಹೇಳಿಸಿಕೊಂಡ ಕತೆ, ಹಾಡು, ಕೆಲಸದ ನೆನಪು. ಪುಸ್ತಕ ಆದರೆ ಕೈಚಳಕ ಇರುವವರು ಗಂಟೆಗೆ ಕೆಲವು ನೂರು ಪುಟ ತೆಗೆಯಬಹುದು. ಟೇಪಿನಲ್ಲಿ ಆ ಆಟ ನಡೆಯುವುದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಬೇಕೇ ಬೇಕು. ಕೂತು ಕೇಳಲೂ ಬೇಕು, ಯಾಕೆಂದರೆ ನಡುವೆ ಎಲ್ಲಿ ಟೇಪು ಸಿಕ್ಕಿಕೊಂಡಿತು, ಎಲ್ಲಿ ವೇಗ ತಪ್ಪಿತು ಅಂತ ಯಂತ್ರ ತಾನಾಗಿ ಹೇಳುವುದಿಲ್ಲ. 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ (ದನಿಯ ಸೂಕ್ಷ್ಮ ವಿವರವೂ ಬಿಟ್ಟುಹೋಗದ ಹಾಗೆ) ಉಳಿಸಿಕೊಂಡರೆ ಒಂದು ಗಂಟೆಯ ಸ್ಟೀರಿಯೋಗೆ ಎರಡು ಜಿಬಿ ಆಗುತ್ತದೆ. ಎಂಪಿತ್ರೀ ಸಾಕಲ್ವಾ ಅಂತ ಕೇಳುತ್ತಾರೆ. ಕೇಳುವುದಕ್ಕೆ ಸಾಕು. ಉಳಿಸುವುದಕ್ಕೆ ಸಾಲದು, ಯಾಕೆಂದರೆ ಆ ಟೇಪನ್ನು ಎರಡನೇ ಸಲ ಓಡಿಸುವ ಅವಕಾಶ ಸಿಗುತ್ತದೆ ಅಂತ ಯಾರು ಹೇಳಿದರು?

ಇನ್ನು ಸ್ಕ್ಯಾನಿಂಗ್. ಇಲ್ಲಿ ನಾವು ಮಾಡಿದ ತಪ್ಪುಗಳನ್ನು ಹೇಳಿದರೆ ನಿಮಗೆ ಉಪಯೋಗ ಜಾಸ್ತಿ.

ಮೊದಲನೆಯದು, ನಮ್ಮ ಮೊದಲ ಬ್ಯಾಚಿನಲ್ಲಿ ಆಟೋ ಕ್ರಾಪ್ ಆನ್ ಮಾಡಿಟ್ಟಿದ್ದೆವು. ಸಾಫ್ಟ್‌ವೇರ್ ಅಕ್ಷರ ಇರುವ ಜಾಗ ಮಾತ್ರ ಬಿಟ್ಟು ಸುತ್ತಲಿನ ಅಂಚು ಕತ್ತರಿಸಿ ಹಾಕುತ್ತಿತ್ತು. ನೋಡುವುದಕ್ಕೆ ನೀಟಾಗಿತ್ತು. ನಲವತ್ತು ಸಂಪುಟ ಆದ ಮೇಲೆ ಯಾರೋ ಒಬ್ಬ ಸಂಶೋಧಕಿ ಬಂದು, "ಅಂಚಿನಲ್ಲಿ ಪೆನ್ಸಿಲ್ಲಿನ ಟಿಪ್ಪಣಿ ಇತ್ತಲ್ಲ, ಅದೆಲ್ಲಿ?" ಅಂತ ಕೇಳಿದರು. ಓದಿದವರು ಬರೆದ ಜಗಳ, ತಿದ್ದಿದ ಇಸವಿ, "ಇದು ಸುಳ್ಳು" ಅಂತ ಒಂದು ಕಡೆ ಗೀಚಿದ್ದು, ಎಲ್ಲ ಕತ್ತರಿಸಿ ಹೋಗಿತ್ತು. ನಲವತ್ತನ್ನೂ ಮತ್ತೆ ಮಾಡಿದೆವು. ಅವತ್ತಿನಿಂದ ಪುಟದ ನಾಲ್ಕೂ ಅಂಚು, ಆಚೆಗೆ ಸ್ವಲ್ಪ ಕಪ್ಪು ಹಿನ್ನೆಲೆ, ಪಕ್ಕದಲ್ಲಿ ಅಳತೆ ಪಟ್ಟಿ ಮತ್ತು ಬಣ್ಣದ ಕಾರ್ಡು ಕಂಡರೆ ಮಾತ್ರ ಪಾಸ್. ಖಾಲಿ ಪುಟವನ್ನೂ ತೆಗೆಯುತ್ತೇವೆ. ಖಾಲಿ ಪುಟ ಇಲ್ಲದಿದ್ದರೆ ಅದು ಖಾಲಿಯಾಗಿತ್ತೋ ನಾವೇ ಬಿಟ್ಟೆವೋ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು, ಒಂದಷ್ಟು ಪ್ರಬಂಧಗಳನ್ನು ಹೊರಗಿನ ಏಜೆನ್ಸಿಗೆ ಕೊಟ್ಟೆವು. ಅವರು ಬೆನ್ನು ಕತ್ತರಿಸಿ ಹಾಳೆ ಬಿಡಿಸಿ ಫೀಡರ್ ಯಂತ್ರಕ್ಕೆ ಹಾಕಿದರು. ಬೇಗ ಆಯಿತು, ನಿಜ. ಆದರೆ ಮಡಚಿ ಅಂಟಿಸಿದ ನಕ್ಷೆಗಳು ಯಂತ್ರದೊಳಗೆ ಹೋಗಲಿಲ್ಲ, ಅವನ್ನು ಬದಿಗಿಟ್ಟರು. ಬದಿಗಿಟ್ಟದ್ದು ಯಾವ ಪ್ರಬಂಧದ್ದು ಅಂತ ಬರೆದಿಡಲಿಲ್ಲ. ಈಗ ನಮ್ಮಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಅನಾಥ ನಕ್ಷೆಗಳಿವೆ. ಮಳೆ ಬಂದ ಮಧ್ಯಾಹ್ನ, ಕರೆಂಟು ಹೋದಾಗ, ಒಂದೊಂದೇ ತೆಗೆದು ಹೊಂದಿಸುತ್ತಾ ಕೂರುತ್ತೇವೆ.

ಎಷ್ಟು ರೆಸಲ್ಯೂಶನ್ ಇಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಅಚ್ಚಿನ ಪುಟಕ್ಕೆ ನಾವು 400 ಪಿಪಿಐ (ಇಂಚಿಗೆ 400 ಚುಕ್ಕಿ), ಬಣ್ಣದಲ್ಲಿ, ವಿವರ ಕಳೆಯದ ಟಿಫ್ ಫೈಲಾಗಿ ಇಡುತ್ತೇವೆ. ಒಂದು ಎ4 ಪುಟಕ್ಕೆ ಸುಮಾರು 46 ಎಂಬಿ. 250 ಪುಟದ ಪ್ರಬಂಧ ಒಂದೇ 11 ಜಿಬಿ ದಾಟುತ್ತದೆ. ಇದನ್ನು ಮಾಸ್ಟರ್ ಅಂತ ಬೀಗ ಹಾಕಿ ಇಟ್ಟು, ಜನರಿಗೆ ಕೊಡುವುದಕ್ಕೆ ಸಣ್ಣ ಪಿಡಿಎಫ್ ಬೇರೆ ಮಾಡುತ್ತೇವೆ. ಫೋಟೋ, ನೆಗೆಟಿವ್‌ಗೆ ಲೆಕ್ಕ ಬೇರೆ. ಅಲ್ಲಿ ಮೂಲ ಎಷ್ಟು ಚಿಕ್ಕದೋ ಅಷ್ಟು ಜಾಸ್ತಿ ರೆಸಲ್ಯೂಶನ್ ಬೇಕು.

ಫೈಲ್ ಚಿಕ್ಕದು ಮಾಡುವ ಆಸೆ ಬಂದಾಗ ಒಂದು ಕತೆ ನೆನಪಿಟ್ಟುಕೊಳ್ಳಿ. 2013ರಲ್ಲಿ ಡೇವಿಡ್ ಕ್ರೀಸೆಲ್ ಅನ್ನುವ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಒಂದು ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದರು. ಕೋಣೆಗಳ ಅಳತೆ ಬದಲಾಗಿ ಬಂತು. ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳಲ್ಲಿ ಚಿತ್ರವನ್ನು ಕುಗ್ಗಿಸುವ ವಿಧಾನ ಒಂದೇ ಥರ ಕಾಣುವ ಅಂಕಿಗಳನ್ನು ಒಂದೇ ಅಂತ ತಿಳಿದು ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತಿತ್ತು. 6 ಇದ್ದಲ್ಲಿ 8. ಮಸುಕಾಗಿದ್ದರೆ ಅನುಮಾನ ಬರುತ್ತಿತ್ತು. ಇದು ಸ್ವಚ್ಛವಾದ, ಚೂಪಾದ, ತಪ್ಪು ಅಂಕಿ. ಕಂಪನಿ ಆಮೇಲೆ ಸರಿಪಡಿಸುವ ಸಾಫ್ಟ್‌ವೇರ್ ಕೊಟ್ಟಿತು. ಆದರೆ ಅಷ್ಟರೊಳಗೆ ಆ ಯಂತ್ರಗಳಲ್ಲಿ ಎಷ್ಟು ಲೆಕ್ಕದ ಪುಸ್ತಕ ಹೋಗಿದ್ದವೋ ಯಾರಿಗೆ ಗೊತ್ತು. ಒಂದು ಸೊಸೈಟಿಯ ಹಳೆಯ ಜಮಾ ಖರ್ಚಿನ ಪುಸ್ತಕದಲ್ಲಿ 6 ಹೋಗಿ 8 ಬಂದರೆ, ಮೂಲ ಎಸೆದಾಗಿದ್ದರೆ, ಅದನ್ನು ಹಿಡಿಯುವವರು ಯಾರು?

ಒಸಿಆರ್ ಬಗ್ಗೆ ಸ್ವಲ್ಪ. ಚಿತ್ರದಿಂದ ಅಕ್ಷರ ತೆಗೆಯುವ ಈ ವಿದ್ಯೆ ಈಗ ತುಂಬಾ ಮುಂದೆ ಬಂದಿದೆ. ಇದಕ್ಕೆ ಎಲ್ಲರೂ ಬಳಸುವ ಟೆಸರಾಕ್ಟ್ ಅನ್ನುವ ತಂತ್ರಾಂಶವನ್ನು ಎಚ್‌ಪಿ ಕಂಪನಿಯವರು 1985ರಿಂದ 1994ರವರೆಗೆ ಬೆಳೆಸಿ ಮೂಲೆಗಿಟ್ಟಿದ್ದರು. 2005ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟರು, ಆಮೇಲೆ ಗೂಗಲ್ ಕೈ ಜೋಡಿಸಿತು. 2018ರಲ್ಲಿ ಬಂದ ನಾಲ್ಕನೇ ಆವೃತ್ತಿ ನ್ಯೂರಲ್ ನೆಟ್‌ವರ್ಕ್ ಬಳಸುತ್ತದೆ, ಅಲ್ಲಿಂದ ಕನ್ನಡದಂಥ ಲಿಪಿಗಳಿಗೂ ನಿಜವಾಗಿ ಉಪಯೋಗಕ್ಕೆ ಬರುವ ಹಾಗಾಯಿತು. ಕೈಬರಹಕ್ಕೆ ಟ್ರಾನ್ಸ್‌ಕ್ರೈಬಸ್ ಇದೆ. ಒಬ್ಬರ ಕೈಬರಹದ ಕೆಲವು ಹತ್ತು ಪುಟಗಳನ್ನು ನೀವೇ ಟೈಪ್ ಮಾಡಿ ಕೊಟ್ಟರೆ ಉಳಿದದ್ದನ್ನು ಓದಲು ಕಲಿಯುತ್ತದೆ.

ಆದರೆ ಶೇಕಡಾ 98 ಸರಿ ಅಂತ ಯಾರಾದರೂ ಹೇಳಿದರೆ ಖುಷಿಪಡುವ ಮೊದಲು ಲೆಕ್ಕ ಹಾಕಿ. 2000 ಅಕ್ಷರ ಇರುವ ಪುಟದಲ್ಲಿ 40 ತಪ್ಪು. ಹೆಚ್ಚು ಕಮ್ಮಿ ಸಾಲಿಗೊಂದು. ಅದರಲ್ಲೂ ಈ ತಪ್ಪು ಎಲ್ಲಿ ಬೀಳುತ್ತದೆ ನೋಡಿ. "ಮತ್ತು", "ಆದರೆ" ಇಂಥ ಪದಗಳನ್ನು ಯಂತ್ರ ಸಾವಿರ ಸಲ ನೋಡಿದೆ, ಅಲ್ಲಿ ಎಡವುವುದಿಲ್ಲ. ಎಡವುವುದು ಊರಿನ ಹೆಸರಿನಲ್ಲಿ, ಮನೆತನದ ಹೆಸರಿನಲ್ಲಿ, ಗಿಡದ ಹೆಸರಿನಲ್ಲಿ. ಲೋಕಲ್ ಕಲೆಕ್ಷನ್ನಿನಲ್ಲಿ ಜನ ಹುಡುಕುವುದೇ ಅವನ್ನು! ಹಳೆಯ ಮೊಳೆ ಅಚ್ಚಿನಲ್ಲಿ ಒತ್ತಕ್ಷರದ ಬಾಲ ಮುರಿದಿರುತ್ತದೆ, ಅದು ಕೆಳಗಿನ ಸಾಲಿಗೆ ಸೇರಿಕೊಂಡು ಇನ್ನೇನೋ ಆಗುತ್ತದೆ. ಪತ್ರಿಕೆಯ ಪುಟವಾದರೆ ಇನ್ನೂ ಮಜಾ. ಕಾಲಂ ಗುರುತಿಸಲಾಗದೆ ಅಡ್ಡಡ್ಡ ಓದಿ, ಮದುವೆಯ ಸುದ್ದಿಯ ಅರ್ಧ ವಾಕ್ಯಕ್ಕೆ ಕಳ್ಳತನದ ಸುದ್ದಿಯ ಅರ್ಧ ವಾಕ್ಯ ಜೋಡಿಸಿಬಿಡುತ್ತದೆ. ನಾವು ಅಂಥವನ್ನು ಒಂದು ಗೋಡೆಗೆ ಅಂಟಿಸಿಕೊಂಡು ಟೀ ಕುಡಿಯುವಾಗ ಓದುತ್ತಿದ್ದೆವು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿದ್ದದ್ದು ಇದು. ನಮ್ಮ ಒಟ್ಟು ಸಮಯದಲ್ಲಿ ಸ್ಕ್ಯಾನಿಂಗಿಗೆ ಹೋದದ್ದು ಮೂರನೇ ಒಂದು ಪಾಲಿಗಿಂತ ಕಮ್ಮಿ. ಉಳಿದದ್ದೆಲ್ಲ ಇದು ಏನು, ಯಾರದ್ದು, ಯಾವಾಗಿನದು, ಎಲ್ಲಿಯದು ಅಂತ ತಿಳಿದು ಬರೆಯುವುದಕ್ಕೆ ಹೋಯಿತು. ಮೆಟಾಡೇಟಾ ಅನ್ನುತ್ತಾರೆ. ಭಾರಿ ಹೆಸರು, ಕೆಲಸ ಮಾತ್ರ ಹಳೆಯ ಗುಮಾಸ್ತರದ್ದೇ. ಇದಿಲ್ಲದೆ ಇಟ್ಟ ಚಿತ್ರ ಸರ್ವರಿನಲ್ಲಿ ಇದ್ದರೂ ಇಲ್ಲದ ಹಾಗೆ. ಬೀರುವಿನಲ್ಲಿ ಕಳೆದುಹೋಗಿದ್ದದ್ದು ಈಗ ಹಾರ್ಡ್ ಡಿಸ್ಕಿನಲ್ಲಿ ಕಳೆದುಹೋಗಿದೆ, ಅಷ್ಟೇ.

ಇದಕ್ಕೆ ಚೌಕಟ್ಟು ಬೇಕಾದಷ್ಟಿವೆ. ಎಲ್ಲರಿಗೂ ಗೊತ್ತಿರುವುದು ಡಬ್ಲಿನ್ ಕೋರ್. 1995ರಲ್ಲಿ ಹುಟ್ಟಿದ್ದು, ಹದಿನೈದು ಕಾಲಂ. ಐರ್ಲೆಂಡಿನ ಡಬ್ಲಿನ್ ಅಂತ ನಾನು ಬಹಳ ದಿನ ತಿಳಿದಿದ್ದೆ, ಅಮೆರಿಕದ ಒಹಾಯೋದಲ್ಲಿ ಇರುವ ಡಬ್ಲಿನ್ ಅಂತೆ. ಶೀರ್ಷಿಕೆ, ಕರ್ತೃ, ದಿನಾಂಕ, ವಿಷಯ, ಹೀಗೆ. 2002ರಲ್ಲಿ ಎಂಐಟಿ ಲೈಬ್ರರಿಯೂ ಎಚ್‌ಪಿಯೂ ಸೇರಿ ಹೊರತಂದ ಡಿ-ಸ್ಪೇಸ್ ಅನ್ನುವ ತಂತ್ರಾಂಶ ಇದೇ ಕಾಲಂಗಳ ಮೇಲೆ ನಿಂತಿದೆ. ವಿಶ್ವವಿದ್ಯಾಲಯಗಳ ರೆಪಾಸಿಟರಿ (ಡಿಜಿಟಲ್ ಫೈಲುಗಳನ್ನು ಇಟ್ಟು ತೋರಿಸುವ ಜಾಗ) ಅಂದರೆ ಬಹಳ ಕಡೆ ಇವತ್ತಿಗೂ ಅದೇ.

ಹದಿನೈದು ಕಾಲಂ ತುಂಬುವುದು ಎಷ್ಟು ಹೊತ್ತು ಅಂತ ಅನ್ನಿಸುತ್ತದೆ. ಒಂದು ಕರಪತ್ರ ಕೈಗೆ ತೆಗೆದುಕೊಳ್ಳಿ. ಕರ್ತೃ ಯಾರು? ಕೆಳಗೆ "ನಾಗರಿಕರು" ಅಂತಿದೆ. ದಿನಾಂಕ? "ಬರುವ ಭಾನುವಾರ ಸಂಜೆ ಆರಕ್ಕೆ." ಸ್ಥಳ? "ಎಂದಿನ ಜಾಗದಲ್ಲಿ." ಅವರಿಗೆ ಗೊತ್ತಿತ್ತು, ಓದುವವರಿಗೂ ಗೊತ್ತಿತ್ತು, ಹಾಗಾಗಿ ಬರೆಯುವ ಅಗತ್ಯ ಇರಲಿಲ್ಲ. ನಮಗೆ ಮಾತ್ರ ಗೊತ್ತಿಲ್ಲ. ಆಗ ಕಾಗದದ ಹಿಂದೆ ಬೀಳಬೇಕು. ಪ್ರೆಸ್ಸಿನ ಹೆಸರು ಅಂಚಿನಲ್ಲಿ ಸಣ್ಣಕ್ಕೆ ಇರುತ್ತದೆ. ಆ ಪ್ರೆಸ್ಸು ಯಾವಾಗ ಶುರುವಾಯಿತು, ಯಾವಾಗ ಮುಚ್ಚಿತು ಅಂತ ಹುಡುಕಿದರೆ ಹದಿನೈದು ವರ್ಷದ ಒಂದು ಕಿಟಕಿ ಸಿಗುತ್ತದೆ. ಬೆಲೆ ಇದ್ದರೆ ಇನ್ನೂ ಸಣ್ಣದಾಗುತ್ತದೆ. ಟೆಲಿಫೋನ್ ನಂಬರಿನಲ್ಲಿ ಎಷ್ಟು ಅಂಕಿ ಇವೆ ಅಂತ ನೋಡಿ ದಶಕ ಹೇಳುವವರು ನಮ್ಮಲ್ಲಿ ಒಬ್ಬರಿದ್ದರು, ಅವರ ಮಾತು ತಪ್ಪಿದ್ದು ನಾನು ಕಂಡಿಲ್ಲ.

ಖಚಿತ ಇಲ್ಲದ್ದನ್ನು ಖಚಿತ ಇಲ್ಲ ಅಂತಲೇ ಬರೆಯಬೇಕು. ಇದಕ್ಕೂ ಒಂದು ಕ್ರಮ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. 1962ರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದರೆ ಅನುಮಾನ ಇದೆ ಅಂತ. ಅಲೆಯಂಥ ಗೆರೆ ಹಾಕಿದರೆ ಸುಮಾರು ಆ ಹೊತ್ತಿಗೆ ಅಂತ. ಕೊನೆಯ ಅಂಕಿಯ ಜಾಗದಲ್ಲಿ ಎಕ್ಸ್ ಹಾಕಿದರೆ ಆ ದಶಕದಲ್ಲಿ ಯಾವಾಗಲೋ ಅಂತ. ಇವು 2019ರಿಂದ ಅಂತರರಾಷ್ಟ್ರೀಯ ಮಾನಕದಲ್ಲೇ ಸೇರಿವೆ. ಸುಮ್ನೆ ಒಂದು ಇಸವಿ ಹಾಕಿಬಿಟ್ಟರೆ ಅದು ನಾಳೆ ಯಾರದೋ ಪಿಎಚ್‌ಡಿಯಲ್ಲಿ ಸತ್ಯ ಆಗಿ ಕೂರುತ್ತದೆ.

ಊರಿನ ಹೆಸರು ಇನ್ನೊಂದು ತಲೆನೋವು. ಒಂದೇ ಹೆಸರಿನ ನಾಲ್ಕು ಊರು, ಒಂದೇ ಊರಿಗೆ ಮೂರು ಹೆಸರು, ಕಾಗುಣಿತ ಬೇರೆ ಬೇರೆ. ಕೆಲವು ಊರು ಅಣೆಕಟ್ಟಿನ ನೀರಿನಡಿ ಹೋಗಿರುತ್ತದೆ. ನಾವು ಕಾಗದದಲ್ಲಿ ಇದ್ದ ಹಾಗೇ ಒಂದು ಕಾಲಮಿನಲ್ಲಿ, ಇವತ್ತಿನ ಹೆಸರು ಇನ್ನೊಂದರಲ್ಲಿ, ಅಕ್ಷಾಂಶ ರೇಖಾಂಶ ಮೂರನೆಯದರಲ್ಲಿ ಹಾಕುತ್ತೇವೆ. ಹೆಸರು ಬದಲಾಗುತ್ತಾ ಇರುತ್ತದೆ, ಜಾಗ ಅಲ್ಲೇ ಇರುತ್ತದೆ.

ಇದೆಲ್ಲ ಕಾಗದದಿಂದ ಸಿಗುವುದು. ಕಾಗದದಲ್ಲಿ ಇಲ್ಲದ್ದು ಜನರ ತಲೆಯಲ್ಲಿ ಇರುತ್ತದೆ. ಅವರಿಗೆ ಎಂಬತ್ತು, ಎಂಬತ್ತೈದು ವರ್ಷ. ಫೋಟೋ ಇನ್ನೂ ಐವತ್ತು ವರ್ಷ ಬೀರುವಿನಲ್ಲಿ ಕಾಯಬಹುದು, ಅವರು ಕಾಯುವುದಿಲ್ಲ. ಇದು ಅರ್ಥ ಆದ ಮೇಲೆ ನಾವು ಕೆಲಸದ ಕ್ರಮವನ್ನೇ ತಿರುಗಿಸಿದೆವು. ಮೊದಲು ಫೋನಿನಲ್ಲಿ ಒರಟಾಗಿ ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿ, ಗೊತ್ತಿರಬಹುದಾದವರ ಮುಂದೆ ಇಡುವುದು, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುವುದು. ಒಳ್ಳೆಯ ಸ್ಕ್ಯಾನ್ ಆಮೇಲೆ. ಕೆಲವರು ಒಂದೇ ಫೋಟೋ ಮೇಲೆ ಎರಡು ಗಂಟೆ ಮಾತಾಡಿದ್ದಾರೆ. ಇಬ್ಬರು ಒಂದೇ ಫೋಟೋ ನೋಡಿ ಬೇರೆ ಬೇರೆ ಹೆಸರು ಹೇಳಿ ಜಗಳ ಆಡಿದ್ದೂ ಇದೆ. ಯಾರು ಹೇಳಿದರು, ಯಾವತ್ತು ಹೇಳಿದರು ಅಂತ ಸಮೇತ ಎರಡನ್ನೂ ಬರೆದಿಟ್ಟೆವು.

ಅಂತರ್ಜಾಲಕ್ಕೆ ಹಾಕುವ ಮುಂಚೆ ಎರಡು ಪ್ರಶ್ನೆ. ಮೊದಲನೆಯದು ಹಕ್ಕು. ಪ್ರಬಂಧ ಬರೆದ ವಿದ್ಯಾರ್ಥಿ ಆಗ ಒಂದು ಬೈಂಡ್ ಮಾಡಿದ ಪ್ರತಿ ಕೊಟ್ಟಿದ್ದು ಕಪಾಟಿನಲ್ಲಿ ಇಡುವುದಕ್ಕೆ. ಜಗತ್ತಿಗೆಲ್ಲ ಹಂಚುವುದಕ್ಕೆ ಒಪ್ಪಿದ್ದರು ಅಂತ ಅರ್ಥ ಅಲ್ಲ. 1886ರ ಬರ್ನ್ ಒಪ್ಪಂದ, ಅದಕ್ಕೆ ಆಮೇಲೆ ಆದ ತಿದ್ದುಪಡಿಗಳ ಪ್ರಕಾರ ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹಕ್ಕು ಇರುತ್ತದೆ, ಎಷ್ಟೋ ದೇಶಗಳಲ್ಲಿ ಅದಕ್ಕಿಂತ ಜಾಸ್ತಿ. ಕರಪತ್ರ, ಸ್ಮರಣ ಸಂಚಿಕೆಗಳಲ್ಲಂತೂ ಹಕ್ಕುದಾರರು ಯಾರು ಅಂತಲೇ ಗೊತ್ತಾಗುವುದಿಲ್ಲ. ನಮ್ಮ ದಾರಿ ಹೀಗಿತ್ತು: ಹುಡುಕುವುದು, ಹುಡುಕಿದ್ದನ್ನು ಬರೆದಿಡುವುದು, ಸಿಕ್ಕರೆ ಕೇಳುವುದು, ಸಿಗದಿದ್ದರೆ ಲೈಬ್ರರಿಯ ಒಳಗೆ ಮಾತ್ರ ತೋರಿಸುವುದು. ಕೇಳಿದವರಲ್ಲಿ ಬಹುಪಾಲು ಜನ ಖುಷಿಯಿಂದ ಒಪ್ಪಿದರು. ಒಬ್ಬರು ಮಾತ್ರ, "ಅಯ್ಯೋ ಬೇಡ, ಅದರಲ್ಲಿ ಎರಡನೇ ಅಧ್ಯಾಯ ಪೂರ್ತಿ ತಪ್ಪು" ಅಂದರು.

ಎರಡನೆಯದು ಇನ್ನೂ ಸೂಕ್ಷ್ಮ. ಸರ್ವೆ ಫಾರಂಗಳಲ್ಲಿ ಮನೆಯ ಹೆಸರು, ಸಾಲ ಎಷ್ಟು, ಯಾರಿಗೆ ಯಾವ ಕಾಯಿಲೆ, ಎಲ್ಲ ಇರುತ್ತದೆ. ಎದುರಿಗೆ ಕೂತ ಹುಡುಗನನ್ನು ನಂಬಿ ಹೇಳಿದ್ದು ಅದು, ಸರ್ಚ್ ಎಂಜಿನ್ನಿಗೆ ಹೇಳಿದ್ದಲ್ಲ. ಹಾಡುಗಳಲ್ಲೂ ಇಂಥವಿವೆ. ಕೆಲವನ್ನು ಹೆಂಗಸರ ನಡುವೆ ಮಾತ್ರ, ಕೆಲವನ್ನು ಒಂದು ಋತುವಿನಲ್ಲಿ ಮಾತ್ರ ಹಾಡುತ್ತಾರೆ. ಆಸ್ಟ್ರೇಲಿಯಾದ ವರುಮುಂಗು ಸಮುದಾಯದವರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕಿಂಬರ್ಲಿ ಕ್ರಿಸ್ಟನ್ ಮುಂತಾದವರ ಜೊತೆ ಸೇರಿ ಮುಕುರ್ತು ಅನ್ನುವ ತಂತ್ರಾಂಶ ಕಟ್ಟಿದ್ದಾರೆ. ಆ ಪದಕ್ಕೆ ಅವರ ಭಾಷೆಯಲ್ಲಿ ಹೆಣೆದ ಚೀಲ ಅಂತ ಅರ್ಥ, ಪವಿತ್ರ ವಸ್ತುಗಳನ್ನು ಜೋಪಾನವಾಗಿ ಇಡುವ ಚೀಲ. ಯಾರು ಏನನ್ನು ನೋಡಬಹುದು ಅಂತ ಸಮುದಾಯದವರೇ ತೀರ್ಮಾನ ಮಾಡಿ ಅದರಲ್ಲಿ ಹಾಕಬಹುದು. ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೇ ಒಳ್ಳೆಯದು ಅಂತ ನಾನು ಮೊದಲು ವಾದ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ಪ್ರಾಜೆಕ್ಟ್ ಮುಗಿದ ಮೇಲೆ ಏನಾಗುತ್ತದೆ ಅನ್ನುವುದು ಯಾರಿಗೂ ಬೇಡದ ಮಾತು. ದುಡ್ಡು ಮೂರು ವರ್ಷಕ್ಕೆ ಬಂದಿರುತ್ತದೆ. ನಾಲ್ಕನೇ ವರ್ಷ ಸರ್ವರ್ ಯಾರದ್ದು? 1986ರಲ್ಲಿ ಬಿಬಿಸಿ ಒಂದು ದೊಡ್ಡ ಕೆಲಸ ಮಾಡಿತು. ಇಂಗ್ಲೆಂಡಿನ ಜಮೀನು, ಆಸ್ತಿಯ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ಬುಕ್ಕಿಗೆ ಒಂಬೈನೂರು ವರ್ಷ ಆಯಿತು ಅಂತ, ಶಾಲೆ ಮಕ್ಕಳಿಂದ ಹಿಡಿದು ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಜಾಗದ ಬಗ್ಗೆ ಬರೆದರು, ಫೋಟೋ ತೆಗೆದರು. ಅದನ್ನೆಲ್ಲ ಲೇಸರ್ ಡಿಸ್ಕಿಗೆ ಹಾಕಿದರು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕು ಓದುವ ಯಂತ್ರ ಸಿಗುವುದೇ ಕಷ್ಟ ಆಯಿತು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಂಡ ಹಳೆಯ ಕಂಪ್ಯೂಟರಿನ ನಕಲನ್ನೇ ತಂತ್ರಾಂಶದಲ್ಲಿ ಕಟ್ಟಿ ಅದನ್ನು ಓದಿಸಬೇಕಾಯಿತು. 1086ರ ಚರ್ಮದ ಹಾಳೆ ಮಾತ್ರ ಲ್ಯಾಟಿನ್ ಬಲ್ಲ ಯಾರು ಬೇಕಾದರೂ ಈಗಲೂ ಓದಬಹುದು.

ನಮ್ಮದು ಅಷ್ಟು ದೊಡ್ಡ ಕತೆ ಅಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಕಟ್ಟಡದಲ್ಲಿ. ಪ್ರತಿ ಫೈಲಿಗೆ ಚೆಕ್‌ಸಮ್ ತೆಗೆದಿಡುತ್ತೇವೆ. ಫೈಲಿನ ಬೆರಳಚ್ಚು ಅಂತ ತಿಳಿಯಿರಿ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆ ಆಗುತ್ತದೆ. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಮತ್ತೆ ಹೋಲಿಸುತ್ತೇವೆ. ಒಂದು ಸಲ ಹನ್ನೊಂದು ಫೈಲ್ ಹೊಂದಲಿಲ್ಲ. ತೆರೆದು ನೋಡಿದರೆ ಕೆಳಗಿನ ಅರ್ಧ ಬೂದು ಬಣ್ಣ. ಎರಡನೇ ಪ್ರತಿ ಇತ್ತು, ಬಚಾವ್. ಯಾರೂ ಅದನ್ನು ಆ ವರ್ಷ ತೆರೆದಿರಲಿಲ್ಲ, ಹೋಲಿಸದಿದ್ದರೆ ಎಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ.

ಸ್ಕ್ಯಾನ್ ಆಯಿತಲ್ಲ, ಇನ್ನು ಕಾಗದ ಯಾಕೆ, ಜಾಗ ಖಾಲಿ ಮಾಡೋಣ ಅಂತ ಯಾವುದಾದರೂ ಮೀಟಿಂಗಿನಲ್ಲಿ ಮಾತು ಬಂದೇ ಬರುತ್ತದೆ. ಹಿಂದಿನ ಶತಮಾನದಲ್ಲಿ ದೊಡ್ಡ ದೊಡ್ಡ ಲೈಬ್ರರಿಗಳೇ ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ, ಅಂದರೆ ಫಿಲ್ಮಿನ ಮೇಲೆ ಪುಟ್ಟದಾಗಿ ಫೋಟೋ ತೆಗೆದಿಟ್ಟು, ಮೂಲವನ್ನು ಎಸೆದವು. ಫಿಲ್ಮಿನಲ್ಲಿ ಬಣ್ಣ ಇಲ್ಲ, ಬೈಂಡಿಂಗಿನ ಒಳಗೆ ಹೋದ ಸಾಲು ಇಲ್ಲ, ಕೆಲವು ಕಡೆ ಪುಟವೇ ಇಲ್ಲ. ಈಗ ಹುಡುಕಿದರೆ ಮೂಲವೂ ಇಲ್ಲ. ಇಷ್ಟು ಹೇಳಿದರೆ ಮೀಟಿಂಗಿನಲ್ಲಿ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾಗುತ್ತಾರೆ, ಮುಂದಿನ ವರ್ಷ ಮತ್ತೆ ಕೇಳುತ್ತಾರೆ.

ಆ ಫೋಟೋ ವಿಷಯ ಬಿಟ್ಟುಬಿಟ್ಟೆ. ಎರಡು ವರ್ಷದಲ್ಲಿ ಸುಮಾರು ಇಪ್ಪತ್ತು ಜನಕ್ಕೆ ತೋರಿಸಿದೆವು. ಒಬ್ಬರು ಹಿಂದಿನ ಕಟ್ಟಡ ಗುರುತಿಸಿದರು, ಅದರಿಂದ ಊರು ಸಿಕ್ಕಿತು. ಇನ್ನೊಬ್ಬರು ಮುಂದಿನ ಸಾಲಿನ ಇಬ್ಬರ ಹೆಸರು ಹೇಳಿದರು. ಎಡದಿಂದ ಮೂರನೆಯವರು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಬಂದವರು ಒಬ್ಬ ಮುದುಕ, ದರ್ಜಿ ಕೆಲಸ ಮಾಡಿದವರು. ಮುಖಗಳನ್ನು ನೋಡಲೇ ಇಲ್ಲ. "ಇದೇನ್ರೀ, ಎಲ್ಲರ ಅಂಗಿ ಜೇಬೂ ಬಲಗಡೆ ಇದೆ?" ಅಂದರು.

ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ್ದಾರೆ. ಎಡಕ್ಕಿದ್ದದ್ದೆಲ್ಲ ಬಲಕ್ಕೆ ಹೋಗಿದೆ. ಈಗ ಪೆನ್ಸಿಲ್ಲಿನಲ್ಲಿ ಬರೆದವರು ಈ ಪ್ರಿಂಟ್ ನೋಡಿ ಎಣಿಸಿದರೋ, ಅವತ್ತು ನಿಂತಿದ್ದನ್ನು ನೆನಪಿಟ್ಟುಕೊಂಡು ಬರೆದರೋ? ಮಾಸ್ಟರ್ ಫೈಲನ್ನು ತಿರುಗಿಸುವ ಹಾಗಿಲ್ಲ, ಮೂಲ ಹೇಗಿದೆಯೋ ಹಾಗೇ ಇರಬೇಕು. ವಿವರಣೆಯ ಕಾಲಮಿನಲ್ಲಿ ಪ್ರಿಂಟ್ ಕನ್ನಡಿಯ ಬಿಂಬದ ಹಾಗೆ ತಿರುಗಿದೆ, ಹೇಳಿದವರು ಇಂಥವರು, ತಾರೀಕು ಇಂಥದ್ದು ಅಂತ ಸೇರಿಸಿದೆ. ಅದರ ಕೆಳಗೆ ಎಡದಿಂದ ಮೂರನೆಯವರು, ಬಲದಿಂದ ಮೂರನೆಯವರು, ಇಬ್ಬರ ಹೆಸರಿನ ಜಾಗವನ್ನೂ ಖಾಲಿ ಬಿಟ್ಟಿದ್ದೇನೆ.